ಕಾಲು ತೆಗೆದರೆ ನಿಲ್ಲುವ ಯಂತ್ರ

ಜೂನ್ ೨

ಗ್ರೀಸಮ್ಮನಿಗೆ,

ನಾನೂ ನಿನ್ನ ಅತ್ತಿಗೆಯೂ ನೆಟ್ಟಗಿದ್ದೇವೆ. ಹುಲ್ಲು ನಮಗಿಂತ ನೆಟ್ಟಗಿದೆ. ಅದಕ್ಕೇ ಈ ಕಾಗದ.

ಫೋನು ಮಾಡಬಹುದಿತ್ತು. ಆದರೆ ಅಣ್ಣ-ತಂಗಿ ನಾವಿಬ್ಬರೂ ಫೋನಿನಲ್ಲಿ ಎರಡನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ಮೂರನೇ ಮಾತಿಗೆ ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಾಗುವುದಿಲ್ಲ. ಹರಿದುಹಾಕಬಹುದು, ಆದರೆ ಅದನ್ನೂ ಓದಿದ ಮೇಲೆ ತಾನೇ ಮಾಡುವುದು.

ರೈಲಿನ ಇಂಜಿನ್ ಬಿಟ್ಟಿಳಿದು ಇಲ್ಲಿಗೆ ಬಂದ ಮೇಲೆ ಇದು ಎರಡನೇ ಮಳೆಗಾಲ. ಮನೆ ದಿಬ್ಬದ ಮೇಲಿದೆ. ಬಾಗಿಲಿನಿಂದ ಹಿಡಿದು ಕೆಳಗಿನ ಕೊಳದವರೆಗೆ ಇಳಿಜಾರು, ಎಕರೆಗಟ್ಟಲೆ ಬರೀ ಹುಲ್ಲು. ಹೋದ ಬೇಸಿಗೆಯಲ್ಲಿ ಎಲ್ಲಿಂದಲೋ ಎದ್ದ ಬೆಂಕಿ ಪಕ್ಕದವರ ಬೇಲಿಯ ತನಕ ಬಂತು. ಗಾಳಿ ತಿರುಗಿದ್ದರಿಂದ ಉಳಿದೆವು. ಈ ಸಲ ಹುಲ್ಲು ಒಣಗುವ ಮೊದಲೇ ಅದನ್ನು ಬೋಳಿಸಿಬಿಡಬೇಕು.

ಹುಲ್ಲು ಕತ್ತರಿಸುವ ಯಂತ್ರಗಳ ಅಂಗಡಿ ಇಟ್ಟುಕೊಂಡು ಕೂತ ತಂಗಿ ಇರುವಾಗ ಬೇರೆಯವರನ್ನು ಯಾಕೆ ಕೇಳಲಿ? ಯಾವುದು ತೆಗೆದುಕೊಳ್ಳಲಿ ಹೇಳು. ಕೂತು ಓಡಿಸುವಂಥದೇ ಆಗಬೇಕು. ಬದುಕೆಲ್ಲ ಇಂಜಿನ್ನಿನಲ್ಲಿ ಕೂತವನು, ಈ ವಯಸ್ಸಿನಲ್ಲಿ ಯಂತ್ರದ ಹಿಂದೆ ಬಾಲದ ಹಾಗೆ ನಡೆಯಲಾರೆ.

ಅಂದ ಹಾಗೆ, ಆ ಕಣ್ಣು ಕತ್ತಲೆ ಬರುವುದು ಪೂರ್ತಿ ನಿಂತುಹೋಗಿದೆ.

ಅಣ್ಣ


ಜೂನ್ ೧೧

ಡ್ರೈವರ್ ಸಾಹೇಬರಿಗೆ,

ಕಾಗದ ಅಂಗಡಿಯಲ್ಲೇ ಓದಿದೆ. ಅದರ ಮೇಲೆ ನನ್ನ ಹೆಬ್ಬೆರಳಿನ ಎಣ್ಣೆ ಗುರುತು ಬಿದ್ದಿದೆ, ಸಹಿ ಹಾಕಿದ ಹಾಗೆ.

ಮೊದಲು ನನ್ನ ಪ್ರಶ್ನೆಗಳು. ಗೇಟು ಎಷ್ಟು ಅಗಲ? ಇಷ್ಟಪಟ್ಟು ಕೊಂಡ ಯಂತ್ರ ಗೇಟಿನ ಆಚೆಯೇ ನಿಂತ ಮನೆಗಳನ್ನು ನೋಡಿದ್ದೇನೆ. ಹುಲ್ಲಿನೊಳಗೆ ಕಲ್ಲು ಇದೆಯೇ? ಮತ್ತೆ, ಇಳಿಜಾರು ಎಷ್ಟು? ಅದಕ್ಕೆ ಅಳತೆಗೋಲು ಬೇಡ. ಮನೆ ಬಾಗಿಲಲ್ಲಿ ಒಂದು ಚೆಂಡು ಇಡು. ಉರುಳಿದರೆ ನಡೆದುಕೊಂಡೇ ಹೋಗಿ ಹಿಡಿಯಬಹುದೋ, ಓಡಬೇಕೋ ನೋಡು.

ಹೆಗಲಿಗೆ ನೇತುಹಾಕುವ ಕಟ್ಟರ್ ನಿನ್ನ ಜಾಗಕ್ಕೆ ಸಾಲದು. ಒಂದು ಮೂಲೆ ಮುಗಿಸುವ ಹೊತ್ತಿಗೆ ಇನ್ನೊಂದು ಮೂಲೆ ಬೆಳೆದಿರುತ್ತದೆ. ತಳ್ಳಿಕೊಂಡು ಹೋಗುವ ಯಂತ್ರ ಇಳಿಜಾರಿಗೆ ಒಳ್ಳೆಯದು, ಆದರೆ ಅದರ ಹೆಸರೆತ್ತಿದರೆ ನಿನಗೆ ಮೂಗಿನ ತುದಿಯಲ್ಲಿ ಕೋಪ. ಕೂತು ಓಡಿಸುವುದರಲ್ಲಿ ಎರಡು ಜಾತಿ. ಒಂದು ಗೇರಿನದು. ಗೇರು ಹಾಕಿ ಬಿಟ್ಟರೆ ಸಾಕು, ತಾನಾಗಿ ಹೋಗುತ್ತಿರುತ್ತದೆ. ಇನ್ನೊಂದು ಪೆಡಲಿನದು. ಕಾಲಲ್ಲಿ ಒತ್ತಿದಷ್ಟು ಹೊತ್ತು ಹೋಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ.

ಇನ್ನು ಕಣ್ಣು ಕತ್ತಲೆಯ ವಿಷಯ. ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಈಗ ಕೇಳುತ್ತೇನೆ. ಡಾಕ್ಟರು ನಿನಗೆ ಯಂತ್ರ ಓಡಿಸಬಹುದು ಅಂತ ಹೇಳಿದ್ದಾರೆಯೇ? ಕೆಳಗೆ ಕೊಳ ಇದೆ ಅಂತ ನೀನೇ ಬರೆದಿದ್ದೀಯ. ಅದಕ್ಕೆ ಕೇಳಿದೆ, ಕೆಣಕಲು ಅಲ್ಲ.

ತಂಗಿ


ಜೂನ್ ೧೯

ಗ್ರೀಸಮ್ಮ,

ಮನೆಯಲ್ಲಿ ಚೆಂಡು ಇರಲಿಲ್ಲ. ನಿನ್ನ ಅತ್ತಿಗೆಯ ಹೊಲಿಗೆ ಪೆಟ್ಟಿಗೆಯಿಂದ ದಾರದ ಉಂಡೆ ತಂದು ಬಾಗಿಲಲ್ಲಿಟ್ಟೆ. ಮೊದಲು ಸುಮ್ಮನಿತ್ತು. ಆಮೇಲೆ ಯಾರೋ ಕರೆದ ಹಾಗೆ ಹೊರಟಿತು. ನಾನು ನಡೆದೆ, ಆಮೇಲೆ ಓಡಿದೆ, ಅವಳೂ ಓಡಿದಳು. ಕಡೆಗೆ ಉಂಡೆಯನ್ನು ಕೊಳದಿಂದಲೇ ತೆಗೆಯಬೇಕಾಯಿತು. "ಆ ಕೊಳಕ್ಕೆ ಹಾಕೋಕೆ ನನ್ನ ಹಸಿರು ದಾರಾನೇ ಬೇಕಿತ್ತಾ?" ಅಂತ ಸಂಜೆಯವರೆಗೂ ನನ್ನ ಜನ್ಮ ಜಾಲಾಡಿದಳು. ಪಟ್ಟಣ ಬಿಟ್ಟು ಬಂದರೂ ಅವಳು ಹೊಲಿಗೆ ಬಿಟ್ಟಿಲ್ಲ. ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ಕೂತಿರುತ್ತಾಳೆ.

ಗೇಟು ಅಗಲವಾಗಿದೆ. ಕಲ್ಲು ಬೇಕಾದಷ್ಟಿದೆ, ನಿನಗೂ ಕಳಿಸಬಲ್ಲೆ.

ನನಗೆ ಗೇರಿನದೇ ಇರಲಿ. ಒಮ್ಮೆ ಹಾಕಿ ಬಿಟ್ಟರೆ ನೇರ ಹೋಗಬೇಕು, ಎರಡೂ ಕಾಲು ಚಾಚಿಕೊಂಡು ಮುಂದೆ ನೋಡುತ್ತ ಕೂರಬೇಕು. ನಿಜ ಹೇಳಲೇ? ಇಲ್ಲಿಗೆ ಬಂದ ಮೇಲೆ ನನಗೆ ಅತಿ ಹೆಚ್ಚು ನೆನಪಾಗುವುದು ವೇಗ ಅಲ್ಲ, ಆ ಕೂಗು. ಕ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಸಿಗ್ನಲ್ ಕಂಡ ಕೂಡಲೇ ನಾನು "ಹಸಿರು!" ಅಂತ ಕೂಗಬೇಕು. ಪಕ್ಕದಲ್ಲಿ ಕೂತ ಸಹಾಯಕ ತಾನೂ ಕಣ್ಣಾರೆ ನೋಡಿ "ಹಸಿರು!" ಅಂತ ತಿರುಗಿ ಕೂಗಬೇಕು. ಕಂಡರೂ ಕೂಗದಿದ್ದರೆ ಕಂಡೇ ಇಲ್ಲ ಅಂತ ಲೆಕ್ಕ. ಈಗ ಬೆಳಿಗ್ಗೆ ನಾನು "ಹಾಲು ಉಕ್ಕಿತು!" ಅಂತ ಕೂಗುತ್ತೇನೆ. ನಿನ್ನ ಅತ್ತಿಗೆ "ಹಾಲು ಉಕ್ಕಿತು!" ಅಂತ ನನ್ನ ಧ್ವನಿಯಲ್ಲೇ ಅಣಕಿಸಿ, "ನೋಡ್ತಾ ನಿಂತಿದ್ದೀರಲ್ಲ, ಒಲೆ ಆರಿಸಿ!" ಅನ್ನುತ್ತಾಳೆ.

ಡಾಕ್ಟರು ನನ್ನ ರಕ್ತದೊತ್ತಡ ನೋಡಿ ನನಗಿಂತ ಹೆಚ್ಚು ಖುಷಿಪಟ್ಟರು.

ಅಣ್ಣ


ಜುಲೈ ೧

ಅಣ್ಣಾ,

ರಕ್ತದೊತ್ತಡ ಕೇಳಿರಲಿಲ್ಲ. ಓಡಿಸಬಹುದು ಅಂದರೇ ಅಂತ ಕೇಳಿದ್ದೆ. ಇರಲಿ.

ದಾರದ ಉಂಡೆಯ ಕಥೆ ಓದಿ ಅಂಗಡಿಯವರೆಲ್ಲ ನಕ್ಕರು. ನನಗೆ ಮಾತ್ರ ನಗು ಅರ್ಧಕ್ಕೇ ನಿಂತಿತು. ಬಾಗಿಲಲ್ಲಿ ಇಟ್ಟದ್ದೆಲ್ಲ ಕೊಳಕ್ಕೆ ಹೋಗುವಂಥ ಜಾಗ ನಿನ್ನದು. ಇಂಥ ಕಡೆ ಅಡ್ಡಲಾಗಿ ಓಡಿಸಿದರೆ ಯಂತ್ರ ಮಗುಚುತ್ತದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಮಾತ್ರ ಓಡಿಸಬೇಕು. ಅಂದರೆ ಪ್ರತಿ ಸುತ್ತಿಗೂ ಒಮ್ಮೆ ನಿನ್ನ ಮುಖ ಕೊಳದ ಕಡೆಗೇ ಇರುತ್ತದೆ. ಅದಕ್ಕೇ ಪೆಡಲಿನದು ತಗೋ ಅನ್ನುತ್ತಿದ್ದೇನೆ.

ಅಲ್ಲದೆ ಗೇರಿನದು ಈಗ ಬರುತ್ತಲೇ ಇಲ್ಲ. ತಯಾರು ಮಾಡುವವರೇ ನಿಲ್ಲಿಸಿಬಿಟ್ಟಿದ್ದಾರೆ.

ಅತ್ತಿಗೆಗೆ ಹಸಿರು ದಾರ ಕಳಿಸುತ್ತಿದ್ದೇನೆ.

ತಂಗಿ


ಜುಲೈ ೧೦

ತಂಗೀ,

ನಮ್ಮ ಪೇಟೆಯ ಅಂಗಡಿಯ ಮುಂದೆ ಗೇರಿನ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಹೊಳೆಯುವ ಹೊಸ ಬಣ್ಣ. ತಯಾರು ಮಾಡುವವರು ನಿಲ್ಲಿಸಿದ್ದು ನಿನಗೆ ಮಾತ್ರ ಯಾಕೆ ಗೊತ್ತಾಯಿತು?

ನೀನು ಹೇಳದ್ದನ್ನೂ ನಾನು ಓದಬಲ್ಲೆ. ನನ್ನನ್ನು ಮುದುಕ ಅಂತ ತೀರ್ಮಾನ ಮಾಡಿದ್ದೀಯ.

ಪೆಡಲಿನ ಮೇಲೆ ನನಗೆ ಯಾಕೆ ಸಿಟ್ಟು ಅಂತ ಹೇಳುತ್ತೇನೆ, ಕೇಳು. ಇಂಜಿನ್ನಿನಲ್ಲೂ ಕಾಲಡಿ ಒಂದು ಪೆಡಲು ಇತ್ತು. ಎಚ್ಚರವಾಗಿದ್ದೇನೆ ಅಂತ ತೋರಿಸಲು ಆಗಾಗ ಅದನ್ನು ಒತ್ತಬೇಕು. ಒತ್ತದಿದ್ದರೆ ರೈಲು ತಾನಾಗಿ ಬ್ರೇಕು ಹಾಕಿಕೊಳ್ಳುತ್ತದೆ. ಇಷ್ಟು ವರ್ಷ ಒತ್ತಿದೆ. ಕಡೆಯ ದಿನ ನನಗೆ ಕಣ್ಣು ಕತ್ತಲೆ ಬಂದು ಕಾಲು ಜಾರಿತು, ರೈಲು ಬಯಲಿನ ಮಧ್ಯೆ ನಿಂತಿತು. ಹಿಂದಿನ ಡಬ್ಬಿಗಳಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಜನ ಕಡಲೆಬೀಜ ತಿನ್ನುತ್ತ ಕಿಟಕಿಯಿಂದ ಆಚೆ ನೋಡುತ್ತಿದ್ದರಂತೆ. ಆದರೆ ಆ ಪೆಡಲು ಹೋಗಿ ಎಲ್ಲರ ಹತ್ತಿರ ನನ್ನ ಮೇಲೆ ಚಾಡಿ ಹೇಳಿತು. ಮಾರನೆಯ ದಿನ ನಾನು ಡ್ರೈವರ್ ಆಗಿರಲಿಲ್ಲ. ಈಗ ನನ್ನದೇ ಹುಲ್ಲಿನಲ್ಲೂ ಅದನ್ನೇ ತುಳಿಯಬೇಕೇ?

ನೀನು ಕಳಿಸಿದ್ದು ಬಿಟ್ಟು ಬೇರೆ ಯಾವುದೂ ಮನೆಗೆ ಬರಕೂಡದು ಅಂತ ನಿನ್ನ ಅತ್ತಿಗೆ ಹಠ ಹಿಡಿದಿದ್ದಾಳೆ. ಏನು ಬೇಕಾದರೂ ಕಳಿಸು.

ಅಣ್ಣ


ಜುಲೈ ೨೪

ಅಣ್ಣಾ,

ಸುಳ್ಳು ಹೇಳಿದ್ದು ನಿಜ. ನಿನ್ನ ಜೊತೆ ವಾದ ಮಾಡಿ ಗೆಲ್ಲಲಾರೆ ಅಂತ ಹೇಳಿದೆ. ನೀನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಪೆಡಲಿನದನ್ನೇ ಲಾರಿಗೆ ಹಾಕಿಸಿದ್ದೇನೆ. ಕಳಿಸುವ ಮೊದಲು ಇಲ್ಲಿಯ ಕೆರೆ ಏರಿಯ ಮೇಲೆ ನಾನೇ ಓಡಿಸಿ ನೋಡಿದೆ. ಇಳಿಜಾರಿನ ಮಧ್ಯದಲ್ಲಿ ಬೇಕೆಂದೇ ಕಾಲು ತೆಗೆದೆ. ಅಲ್ಲೇ ನಿಂತಿತು, ಒಂದು ಗೇಣೂ ಜಾರಲಿಲ್ಲ. ಸೀಟಿನ ಕೆಳಗೆ ಒಂದು ಸ್ವಿಚ್ಚು ಇದೆ. ನೀನು ಎದ್ದರೆ ಇಂಜಿನ್ ಆರಿ, ಬ್ಲೇಡೂ ನಿಲ್ಲುತ್ತದೆ.

ದಿನವೂ ಒಂದೇ ದಾರಿಯಲ್ಲಿ ಓಡಿಸಬೇಡ, ನೆಲದಲ್ಲಿ ಹಳಿ ಬೀಳುತ್ತದೆ. ನಿನಗೆ ಅದೇ ಅಭ್ಯಾಸ ಅಂತ ಗೊತ್ತು. ಕೊಳದ ಅಂಚಿನ ಪಟ್ಟಿಯನ್ನು ಯಂತ್ರದಲ್ಲಿ ಮುಟ್ಟಲೇಬೇಡ, ಅಲ್ಲಿಗೆ ಕೈ ಕಟ್ಟರ್ ಸಾಕು.

ನಿನ್ನನ್ನು ಮುದುಕ ಅಂತ ನಾನು ಅಂದುಕೊಂಡಿಲ್ಲ. ಆ ರೈಲು ನಿಂತ ದಿನ ನಾನು ಅಂಗಡಿಯ ಶಟರ್ ಎಳೆದು ಒಳಗೆ ಕೂತು ಅತ್ತಿದ್ದೆ. ನಿನ್ನ ಕೆಲಸ ಹೋಯಿತು ಅಂತ ಅಲ್ಲ, ನೀನು ಉಳಿದೆ ಅಂತ.

ತಂಗಿ


ಆಗಸ್ಟ್ ೩೦

ಗ್ರೀಸಮ್ಮ,

ಬೈಯಲು ಕೂತವನಿಗೆ ಬೈಗುಳ ಬರುತ್ತಿಲ್ಲ. ಯಂತ್ರ ಚೆನ್ನಾಗಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹುಲ್ಲಿನಲ್ಲಿ ಹೋಗುತ್ತದೆ. ಬೆಳಿಗ್ಗೆ ಟೋಪಿ ಹಾಕಿಕೊಂಡು ಹೊರಟರೆ ನಿನ್ನ ಅತ್ತಿಗೆ ಕಿಟಕಿಯಿಂದ "ಗಾಡಿ ಎಷ್ಟು ಲೇಟು?" ಅಂತ ಕೇಳುತ್ತಾಳೆ. ಮನೆಯಿಂದ ಕೊಳದ ಕಡೆಗೆ ಈಗಾಗಲೇ ನನ್ನ ಹಳಿಗಳು ಬಿದ್ದಿವೆ. ನೀನು ಬೇಡ ಅಂದಿದ್ದೆ, ಆದರೆ ನೇರ ಗೆರೆಯ ಮೇಲೆ ಹೋಗುವ ಸುಖ ಮೆಕ್ಯಾನಿಕ್ಕುಗಳಿಗೆ ತಿಳಿಯದು.

ಒಂದೇ ತೊಂದರೆ ಕಲ್ಲು. ಹತ್ತು ಮಾರು ಹೋಗುವುದರೊಳಗೆ ಇಳಿದು ಕಲ್ಲು ಎತ್ತಿ ಎಸೆಯಬೇಕು. ಇಳಿದಾಗಲೆಲ್ಲ ಆ ಸೀಟಿನ ಸ್ವಿಚ್ಚು ಇಂಜಿನ್ ಆರಿಸುತ್ತದೆ. ಮತ್ತೆ ಹತ್ತು, ಮತ್ತೆ ಚಾಲೂ ಮಾಡು. ಅದರ ತಂತಿ ಬಿಚ್ಚಿಬಿಡುವುದು ಹೇಗೆ, ಒಂದು ಚಿತ್ರ ಬರೆದು ಕಳಿಸು.

ಅಣ್ಣ


ಸೆಪ್ಟೆಂಬರ್ ೮

ಚಿತ್ರ ಬರೆಯುವುದಿಲ್ಲ.

ಸ್ವಿಚ್ಚು ಬಿಚ್ಚಿದ ಯಂತ್ರಗಳು ಯಾವ ಸ್ಥಿತಿಯಲ್ಲಿ ನನ್ನ ಅಂಗಡಿಗೆ ವಾಪಸು ಬರುತ್ತವೆ ಅಂತ ನಿನಗೆ ಗೊತ್ತಿಲ್ಲ. ಅವುಗಳನ್ನು ತಂದು ಇಳಿಸುವ ಮನೆಯವರ ಮುಖ ನಾನು ನೋಡಿದ್ದೇನೆ. ಬೇರೆ ಯಾರಾದರೂ ಕೇಳಿದ್ದರೆ ತಿಳಿಯದವರು ಅನ್ನುತ್ತಿದ್ದೆ. ನೀನು ಕೇಳುವುದೇ, ಅಣ್ಣಾ? ಅಷ್ಟು ಜನರನ್ನು ಹಿಂದೆ ಕೂರಿಸಿಕೊಂಡು ಹೋದವನು?

ಕಲ್ಲು ತೊಂದರೆ ಆದರೆ ಒಬ್ಬರು ಸಾಕಷ್ಟು ಮುಂದೆ ನಡೆದು ಹೆಕ್ಕಬೇಕು. ಅತ್ತಿಗೆಯನ್ನು ಕೇಳು.

ತಂಗಿ


ಅಕ್ಟೋಬರ್ ೫

ಅಣ್ಣಾ,

ಸಿಟ್ಟು ಬಂತೇ? ಬಂದರೆ ಬೈದು ಬರಿ, ಸುಮ್ಮನಿರಬೇಡ. ಇಲ್ಲಿ ಕೆಲಸ ಕುತ್ತಿಗೆಯವರೆಗೆ ಬಂದಿದೆ. ಎಲ್ಲರಿಗೂ ಒಂದೇ ವಾರದಲ್ಲಿ ತಮ್ಮ ಹುಲ್ಲಿನ ನೆನಪಾಗಿದೆ. ಇಲ್ಲದಿದ್ದರೆ ನಾನೇ ಹೊರಟು ಬರುತ್ತಿದ್ದೆ. ಫೋನು ಮಾಡಿದರೆ ಅತ್ತಿಗೆ ಎತ್ತಿ "ಒಲೆ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾಳೆ. ಯಾವ ಹೊತ್ತಿಗೆ ಮಾಡಿದರೂ ನಿಮ್ಮ ಮನೆಯ ಒಲೆ ಮೇಲೆ ಹಾಲೇ ಇರುತ್ತದೆ.

ಹುಲ್ಲು ಎಲ್ಲಿಗೆ ಬಂತು? ಅಷ್ಟಾದರೂ ಹೇಳು.

ತಂಗಿ


ಅಕ್ಟೋಬರ್ ೨೦

ತಂಗೀ,

ಸೀಟನ್ನು ಮುಂದಕ್ಕೆ ಸರಿಸುವುದು ಹೇಗೆ? ಅದರ ಕೆಳಗೆ ಎರಡು ಬೋಲ್ಟು ಕಾಣುತ್ತಿವೆ. ಯಾವುದನ್ನು ಬಿಚ್ಚಬೇಕು?

ಅಣ್ಣ


ಅಕ್ಟೋಬರ್ ೨೭

ಅಣ್ಣಾ,

ಸೀಟು ಸರಿಸುವುದಂತೆ! ಗೇಟಿನಷ್ಟು ಉದ್ದದ ಕಾಲಿರುವವನಿಗೆ ಸೀಟು ಮುಂದಕ್ಕೆ ಯಾಕೆ ಬೇಕು? ಸೀಟಿನ ಕೆಳಗೆ ಏನಿದೆ ಅಂತ ನನಗೆ ಗೊತ್ತು. ಆ ತಂತಿಗೆ ಕೈ ಹಾಕಲು ಈಗ ಈ ದಾರಿ ಹಿಡಿದೆಯಾ? ನಾನು ಎಳೆ ಮಗುವಲ್ಲ.

ಇನ್ನು ಬಾಯಿ ಮುಚ್ಚಿಕೊಂಡಿರಲಾರೆ. ಮೇ ತಿಂಗಳಲ್ಲಿ ನೀನು ಬಚ್ಚಲಲ್ಲಿ ಬಿದ್ದದ್ದು ನನಗೆ ಗೊತ್ತು. ಅದಕ್ಕೂ ಮೊದಲು ಮೆಟ್ಟಿಲ ಮೇಲೆ ಕೂತಲ್ಲೇ ಕಣ್ಣು ತೇಲಿಸಿದ್ದೂ ಗೊತ್ತು. ನಿನ್ನ ಮೊದಲ ಕಾಗದ ಬರುವ ಮುಂಚೆಯೇ ಅತ್ತಿಗೆ ಫೋನಿನಲ್ಲಿ ಅಳುತ್ತ ಹೇಳಿದ್ದಳು. "ನಾನು ಹೇಳಿದ್ದು ಅವರಿಗೆ ಗೊತ್ತಾದ್ರೆ ನನ್ನ ಹತ್ರಾನೂ ಬಚ್ಚಿಡ್ತಾರೆ, ನೀನು ಗೊತ್ತಿಲ್ಲದ ಹಾಗೇ ಇರು" ಅಂತ ಆಣೆ ಹಾಕಿಸಿಕೊಂಡಳು. ಅದಕ್ಕೇ ಆ ಸುಳ್ಳು, ಅದಕ್ಕೇ ಪೆಡಲು. ಪ್ರತಿ ಕಾಗದದಲ್ಲೂ ಕೇಳಬೇಕು ಅಂತ ಕೂತು, ಪ್ರತಿ ಕಾಗದದಲ್ಲೂ ಗೇಟು, ಕಲ್ಲು, ದಾರ ಅಂತ ಬರೆದೆ.

ನನಗೆ ಭಯ ಆಗುತ್ತದೆ. ಅಂಗಡಿಯಲ್ಲಿ ಯಾರಾದರೂ ಇಂಜಿನ್ ಚಾಲೂ ಮಾಡಿದರೆ ನಿನ್ನ ಕೊಳ ಕಣ್ಣಿಗೆ ಬರುತ್ತದೆ. ಯಂತ್ರ ವಾಪಸು ಕಳಿಸು. ಹುಲ್ಲು ಸುಟ್ಟುಹೋಗಲಿ, ಮನೆಯೂ ಹೋಗಲಿ. ನನಗೆ ಇರುವುದು ಒಬ್ಬನೇ ಅಣ್ಣ.

ತಂಗಿ


ನವೆಂಬರ್ ೯

ತಂಗೀ,

ಸೀಟು ಮುಂದಕ್ಕೆ ಬೇಕಾಗಿರುವುದು ನಿನ್ನ ಅತ್ತಿಗೆಗೆ.

ಎಲ್ಲ ಹೇಳುತ್ತೇನೆ, ಮೊದಲಿನಿಂದ.

ನಿನ್ನ "ಚಿತ್ರ ಬರೆಯುವುದಿಲ್ಲ" ಕಾಗದ ಬಂದ ದಿನ ಸಿಟ್ಟಿನಿಂದ ಇಕ್ಕಳ ಹಿಡಿದುಕೊಂಡು ಹೋಗಿ ಸೀಟು ಎತ್ತಿದೆ. ತಂತಿ ಕಂಡಿತು. ಕತ್ತರಿಸಲು ಕೈ ಬರಲಿಲ್ಲ. ಇಂಥ ತಂತಿ ನಂಬಿಕೊಂಡೇ ಅನ್ನ ತಿಂದ ಕೈ ಅದು. ಸೀಟು ಇಳಿಸಿ ಬಂದೆ, ನಿನಗೆ ಮಾತ್ರ ಬರೆಯಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಕೆಳಮುಖವಾಗಿ ಹೋಗುತ್ತಿದ್ದೆ. ಹೊರಡುವಾಗಲೇ ಕಣ್ಣ ಮುಂದೆ ಮಂಜು ಇತ್ತು. ಇಳಿಯಬಹುದಿತ್ತು, ಕೂಗಬಹುದಿತ್ತು. ಎರಡೂ ಮಾಡಲಿಲ್ಲ. ಮುಂದೆ ನೆನಪಿರುವುದು, ಕೆನ್ನೆಗೆ ಹುಲ್ಲು ಚುಚ್ಚುತ್ತಿತ್ತು ಮತ್ತು ಎಲ್ಲೂ ಸದ್ದಿರಲಿಲ್ಲ. ಯಂತ್ರ ನನ್ನ ಪಕ್ಕದಲ್ಲೇ ನಿಂತಿತ್ತು. ಕಾಲು ಜಾರಿದಾಗ ಪೆಡಲು ಚಕ್ರವನ್ನು ನಿಲ್ಲಿಸಿತ್ತು. ನಾನು ಉರುಳಿದಾಗ ಸೀಟು ಬ್ಲೇಡನ್ನು ನಿಲ್ಲಿಸಿತ್ತು. ಕೊಳ ಇನ್ನೂ ಕೆಳಗಿತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ, ನಿನ್ನ ಅತ್ತಿಗೆ ಓಡಿ ಬರುತ್ತಿದ್ದಳು. ಆಗ ನನಗೆ ಮೊದಲು ಬಂದ ಯೋಚನೆ, ಈ ಸಲವೂ ಪೆಡಲು ಚಾಡಿ ಹೇಳಿತಲ್ಲ ಅಂತ. ಅವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುವಾಗ ಆ ಯೋಚನೆಗೆ ನಾಚಿಕೆಯಾಯಿತು.

ಡಾಕ್ಟರು ಸೈಕಲ್ಲನ್ನೂ ಮುಟ್ಟಬೇಡ ಅಂದರು. ಹೊಸ ಮಾತ್ರೆ ಕೊಟ್ಟಿದ್ದಾರೆ. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಹುಲ್ಲು ಅರ್ಧಕ್ಕೇ ನಿಂತಿತ್ತು, ಬಿಸಿಲು ಏರುತ್ತಿತ್ತು. ನಿನಗೆ ಏನಂತ ಬರೆಯಲಿ?

ಒಂದು ದಿನ ಹೊರಗೆ ಇಂಜಿನ್ನಿನ ಸದ್ದು. ಎದ್ದು ನೋಡಿದರೆ ಇವಳು! ಜನ್ಮದಲ್ಲಿ ಸೈಕಲ್ ಹತ್ತದವಳು, ಸೀಟಿನ ತುದಿಯಲ್ಲಿ ಕೂತು ಕಾಲ್ಬೆರಳ ತುದಿಯಿಂದ ಪೆಡಲು ಒತ್ತುತ್ತಿದ್ದಾಳೆ. ಮುಂದೆ ಹುಲ್ಲಿನಲ್ಲಿ ನನಗೆ ಗೊತ್ತಿದ್ದ ಒಂದು ಕಲ್ಲು. ಬಾಗಿಲಿನಿಂದಲೇ "ಕಲ್ಲು!" ಅಂತ ಕೂಗಿದೆ. ಅವಳು ತಲೆ ಎತ್ತದೆ "ಕಲ್ಲು!" ಅಂತ ತಿರುಗಿ ಕೂಗಿ ಕಾಲು ತೆಗೆದಳು. ನಿಂತಿತು.

"ಯಾರು ಹೇಳಿಕೊಟ್ಟರು ನಿನಗೆ?" ಅಂದೆ.

"ಇಷ್ಟು ವರ್ಷ ಹೊಲಿಗೆ ಮಿಷನ್ ತುಳಿದಿದ್ದೀನಿ. ಒತ್ತಿದರೆ ಹೋಗುತ್ತೆ, ಬಿಟ್ಟರೆ ನಿಲ್ಲುತ್ತೆ. ಇದರಲ್ಲಿ ಹೇಳಿಕೊಡೋದೇನಿದೆ? ನೀವು ಮುಂದೆ ನಡೀರಿ, ಕಲ್ಲು ತೋರಿಸಿ."

ಅವತ್ತಿನಿಂದ ಹೀಗೇ ನಡೆದಿದೆ. ಕೋಲು ಹಿಡಿದು ನಾನು ಸಾಕಷ್ಟು ಮುಂದೆ ನಡೆಯುತ್ತೇನೆ, ಕಂಡದ್ದನ್ನು ಕೂಗುತ್ತೇನೆ, ಅವಳು ತಿರುಗಿ ಕೂಗುತ್ತಾಳೆ. ಬಟ್ಟೆಯ ಅಂಚು ಹೊಲಿದ ಹಾಗೆ ನೇರ ಹೋಗುತ್ತಾಳೆ, ದಿನಕ್ಕೊಂದು ಹೊಸ ಗೆರೆ. ನನ್ನ ಹಳಿಗಳ ಮೇಲೆ ಹುಲ್ಲು ಚಿಗುರಿದೆ. ಮೊದಮೊದಲು ಯಂತ್ರದ ಮುಂದೆ ನಡೆಯುವುದು ಅವಮಾನ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಈಗಲೂ ಕೆಲವು ದಿನ ಅನ್ನಿಸುತ್ತದೆ.

ನಾನು ಕಂಡದ್ದನ್ನು ಕೂಗಲಿಲ್ಲ. ನೀನು ಅತ್ತಿಗೆಯಿಂದ ಕೇಳಿದ್ದನ್ನು ತಿರುಗಿ ಕೂಗಲಿಲ್ಲ. ಒಂದೇ ಕ್ಯಾಬಿನಲ್ಲಿ ಕೂತಿದ್ದರೆ ಇಬ್ಬರನ್ನೂ ಕೆಲಸದಿಂದ ತೆಗೆಯುತ್ತಿದ್ದರು. ಇನ್ನು ಮೇಲೆ ಹಾಗಾಗುವುದು ಬೇಡ.

ನಿನ್ನೆ ಈ ಸಲದ ಕಡೆಯ ಸುತ್ತು. ಕೊಳದ ಸಮೀಪ ಬರುವಾಗ ನನಗೆ ಮತ್ತೆ ಆ ಮಂಜು ಬಂತು. ತುಟಿ ಕಚ್ಚಿ ನಡೆದುಬಿಡೋಣ ಅನ್ನಿಸಿತು. ಆದರೆ ನಿಂತೆ, ಕೋಲು ಮೇಲೆತ್ತಿ "ಕೆಂಪು!" ಅಂತ ಕೂಗಿದೆ. ಹಿಂದಿನಿಂದ "ಕೆಂಪು!" ಅಂತ ಬಂತು, ಇಂಜಿನ್ನಿನ ಸದ್ದು ಆರಿತು. ನಾನು ಹುಲ್ಲಿನ ಮೇಲೆ ಕೂತೆ. ಅವಳು ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಮಂಜು ಹೋಯಿತು.

ಯಂತ್ರ ವಾಪಸು ಕಳಿಸುವುದಿಲ್ಲ, ಹುಲ್ಲು ಮತ್ತೆ ಬೆಳೆಯುತ್ತದೆ. ಈಗಲಾದರೂ ಆ ಬೋಲ್ಟಿನ ವಿಷಯ ಹೇಳು. ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡರೂ ಅವಳ ಕಾಲು ಸರಿಯಾಗಿ ಎಟುಕುತ್ತಿಲ್ಲ.

ಅಣ್ಣ